ಹಳೇ ಚೀಟಿ

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸೊಂದರಲ್ಲಿ ಒಂದೇ ಕಂಪ್ಯೂಟರಿನೊಳಗೆ ಬೇರೆ ಬೇರೆ ಕಂಪ್ಯೂಟರುಗಳಂತೆ ನಡೆಯುವ ಎರಡು ವರ್ಚುವಲ್ ಮಷೀನುಗಳಿದ್ದವು. ಒಂದು ಎಸ್ಟೇಟುಗಳಿಂದ ಬಂದ ಮೂಟೆ ಎಣಿಸುತ್ತಿತ್ತು, ಇನ್ನೊಂದು ಡ್ರೈಯರಿನ ಬಿಸಿ ನೋಡಿಕೊಳ್ಳುತ್ತಿತ್ತು. ಇಡೀ ಮೆಮೊರಿ ತನ್ನದೇ ಎಂದು ಎರಡೂ ನಂಬಿದ್ದವು. ಯಾರಿಗೆ ನಿಜವಾಗಿ ಯಾವ ಜಾಗ ಎಂದು ಹಂಚುವುದು ಅವುಗಳ ಕೆಳಗಿದ್ದ ಕರ್ನಲ್ ಎಂಬ ಮೂಲ ಪ್ರೋಗ್ರಾಂ. ಆ ಹಂಚಿಕೆಯ ಕೋಡನ್ನು ನಾನು ಅವತ್ತು ಬೆಳಿಗ್ಗೆ ತಿದ್ದಿದ್ದೆ.

ಮಧ್ಯಾಹ್ನ ಡ್ರೈಯರಿನ ಪರದೆಯಲ್ಲಿ ನಲವತ್ತೈದು ಡಿಗ್ರಿ ಇದ್ದದ್ದು ಇದ್ದಕ್ಕಿದ್ದಂತೆ ಮೂರಾಯಿತು. ಬಿಸಿ ಸಾಲದೆಂದು ಬರ್ನರ್ ಭೋರೆಂದು ಹೊತ್ತಿಕೊಂಡಿತು. ಹೊರಗೆ ಆಗಷ್ಟೇ ಮೂರು ಮೂಟೆ ಇಳಿದಿದ್ದವು. ಪಾರ್ಚ್‌ಮೆಂಟ್ ಕಾಫಿಬೀಜ ಸೀದ ವಾಸನೆ ಬಂತು. ಗೋಡೌನಿನ ಲೆಕ್ಕ ಬರೆಯುವ ವಯಸ್ಸಾದ ರೈಟರ್ ಓಡಿಬಂದು ಡ್ರೈಯರಿನ ಮೇನ್ ಸ್ವಿಚ್ ಇಳಿಸಿದರು.

"ಒಂದು ಮಷೀನಿನ ಜಾಗ ಇನ್ನೊಂದಕ್ಕೆ ಕೊಟ್ಟಿದ್ದೆ, ಅಷ್ಟೇ," ಎಂದು ತೊದಲಿದೆ.

"ಕೊಡ್ಬೋದು ಮಾರಾಯ್ರೆ, ಗೋಡೌನಲ್ಲಿ ನಾವೂ ದಿನಾ ಕೊಡ್ತೀವಿ. ಮೊದ್ಲಿದ್ದೋರಿಗೆ ಬರ್ಕೊಟ್ಟ ಜಾಗದ ಹಳೇ ಚೀಟಿ ವಾಪಸ್ ಇಸ್ಕೊಂಡ್ರಾ? ಇಲ್ದಿದ್ರೆ ಹಳಬರು ಅದನ್ನೇ ತೋರ್ಸಿ ಬೇರೆಯವ್ರ ಅಟ್ಟಿ ಮೇಲೆ ತಮ್ಮ ಮೂಟೆ ಹೇರ್ತಾರೆ."

ಇಸ್ಕೊಂಡಿರಲಿಲ್ಲ. ಪಟ್ಟಿಯಲ್ಲಿ ಜಾಗ ಬದಲಿಸಿದ್ದೆನೇ ಹೊರತು, ಪ್ರೊಸೆಸರ್ ನೆನಪಿಟ್ಟುಕೊಂಡಿದ್ದ ಹಳೇ ವಿಳಾಸ ಅಳಿಸಿರಲಿಲ್ಲ. ಮೂಟೆಯ ಮಷೀನು ತನ್ನ ಮೂರು ಮೂಟೆಯ ಲೆಕ್ಕವನ್ನು ಈಗ ಡ್ರೈಯರಿನದಾಗಿದ್ದ ಜಾಗದಲ್ಲೇ ಬರೆದಿತ್ತು.

ಅಳಿಸುವ ಒಂದು ಸಾಲು ಸೇರಿಸಿ, "ಸರಿಯಾಯ್ತು, ಹಾಕಿ," ಎಂದೆ.

ರೈಟರ್ ಸ್ವಿಚ್ ಹಿಡಿದೇ ನನ್ನನ್ನು ನೋಡಿದರು. "ನೀವು ಹೋಗಿ ಡ್ರೈಯರ್ ಪಕ್ಕ ನಿಂತ್ಕೊಳ್ಳಿ. ಆಮೇಲೆ ಹಾಕ್ತೀನಿ."

ನಿಂತೆ. ನನ್ನ ಕೋಡನ್ನು ಅಷ್ಟು ಹತ್ತಿರದಿಂದ ಪರೀಕ್ಷಿಸಿದ್ದು ಅದೊಂದೇ ಸಲ.