ತಡವಾಗಿ ಮುಟ್ಟಿದ ಬಣ್ಣ

ನಾನು ಚಿಕ್ಕವಳಿದ್ದಾಗ, ನಮ್ಮ ಮನೆಯವರೆಲ್ಲ ಒಟ್ಟಿಗೆ ನಕ್ಕ ಕೊನೆಯ ದಿನ ಒಂದು ಗುರುವಾರ. ತಿಕೋಟಾದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇತ್ತು. ಅದು ಡೀಸೆಲ್ ಎಂಜಿನ್ನಿನ ಮೇಲೆ ನಡೆಯುತ್ತಿತ್ತು. ಬಿಸಿ ಜೋಳದ ಹಿಟ್ಟಿನ ವಾಸನೆ, ಸುಟ್ಟ ಎಣ್ಣೆಯ ವಾಸನೆ ಎರಡೂ ಅಪ್ಪನ ಅಂಗಿ ಬಿಟ್ಟು ಹೋಗುತ್ತಲೇ ಇರಲಿಲ್ಲ.

ಎಂಜಿನ್ನಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಎರಡು ಕಬ್ಬಿಣದ ಗುಂಡುಗಳು ಗಿರಗಿರ ತಿರುಗುತ್ತಿದ್ದವು. ಎಂಜಿನ್ ಜೋರಾಗಿ ಓಡಿದರೆ ಅವು ಹೊರಗೆ ಚಾಚಿಕೊಂಡು ಡೀಸೆಲ್ ಕಡಿಮೆ ಮಾಡುತ್ತಿದ್ದವು. ಜೋಳ ಸುರಿದಾಗ ಭಾರ ಬಿದ್ದು ಎಂಜಿನ್ ನಿಧಾನವಾದರೆ ಒಳಗೆ ಸರಿದು ಹೆಚ್ಚು ಬಿಡುತ್ತಿದ್ದವು. ಅದಕ್ಕೇ ನಮ್ಮ ಎಂಜಿನ್ ದಿನವಿಡೀ ಒಂದೇ ಹದದಲ್ಲಿ ಸದ್ದು ಮಾಡುತ್ತಿತ್ತು.

ಆ ಗುರುವಾರ ಮಾತ್ರ ಸದ್ದು ಏರುತ್ತಿತ್ತು, ಕುಸಿಯುತ್ತಿತ್ತು, ಮತ್ತೆ ಏರುತ್ತಿತ್ತು. ಅಕ್ಕ ಅದಕ್ಕೆ ತಕ್ಕಂತೆ ಗಲ್ಲ ಉಬ್ಬಿಸಿ ಇಳಿಸಿ ತೋರಿಸಿದಳು. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಅಪ್ಪ ಎಂಜಿನ್ ನಿಲ್ಲಿಸಿ, ಸೀಮೆಎಣ್ಣೆಯ ಅರಿವೆಯಿಂದ ಗುಂಡುಗಳನ್ನು ಒರೆಸತೊಡಗಿದ.

"ಹಿಟ್ಟಿನ ಧೂಳು ಕುಂತು ಬಿಗಿ ಆಗ್ಯಾವ. ಎಂಜಿನ್ ಜೋರಾತು ಅನ್ನೂ ಸುದ್ದಿ ಇವಕ್ಕ ತಡಾ ಆಗಿ ಮುಟ್ಟತೈತಿ. ಇವು ಎಣ್ಣಿ ಕಡಿಮಿ ಮಾಡೂದ್ರಾಗ ಅದು ತಾನಾ ನಿಧಾನ ಆಗಿರತೈತಿ. ಆವಾಗ ಕಡಿಮಿ ಮಾಡಿದ್ರ ಪೂರಾ ಕುಸೀತೈತಿ."

"ಕಾಕಾನ ಮದವಿ ಕಾಗದ ಇದ್ದಂಗ," ಎಂದಳು ಅಕ್ಕ. "ಮದವಿ ಮುಗದ ಮ್ಯಾಲ ಬಂದಿತ್ತಲ್ಲ!"

ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ.

ಅಕ್ಕನಿಗೆ ಹದಿನಾಲ್ಕು ವರ್ಷ, ನನಗೆ ಒಂಬತ್ತು. ಅವಳಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ತಕ್ಕಂತೆ ಮೈಯೊಳಗಿನ ಸಕ್ಕರೆಯನ್ನು ಹದದಲ್ಲಿಡುವ ಶಕ್ತಿ ಎಲ್ಲರ ಮೈಯಲ್ಲೂ ಇರುತ್ತದೆ. ಅಕ್ಕನ ಮೈಯಲ್ಲಿ ಅದು ನಿಂತುಹೋಗಿತ್ತು. ಅದಕ್ಕೆ ಅಪ್ಪ ದಿನಾ ಇಂಜೆಕ್ಷನ್ ಕೊಡುತ್ತಿದ್ದ. ಅದಕ್ಕೂ ಮೊದಲು ಅಕ್ಕನ ಮೂತ್ರದ ಕೆಲವು ಹನಿಗಳನ್ನು ನೀಲಿ ಔಷಧದಲ್ಲಿ ಹಾಕಿ, ಗಾಜಿನ ನಳಿಗೆಯಲ್ಲಿ ಕಾಯಿಸುತ್ತಿದ್ದ. ನೀಲಿ ಹಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ. ಇಟ್ಟಂಗಿಯ ಕೆಂಪು ಬಣ್ಣ ಬಂದರೆ ಬಹಳ, ಆಗ ಔಷಧ ಹೆಚ್ಚು ಬೇಕು. ನಮಗೆ ಗೊತ್ತಿದ್ದದ್ದು ಇಷ್ಟೇ.

ಗುರುವಾರ ಸಂಜೆ ಬಬಲೇಶ್ವರದಿಂದ ಅತ್ತೆ ಬಂದಳು, ಹೋಳಿಗೆ ತಂದಿದ್ದಳು. ಅಕ್ಕ ಯಾರಿಗೂ ಹೇಳದೆ ಎರಡು ತಿಂದಳು. ಮರುದಿನ ಬೆಳಿಗ್ಗೆ ನಳಿಗೆಯಲ್ಲಿ ಇಟ್ಟಂಗಿ ಬಣ್ಣ.

"ನಿನ್ನಿ ಏನ್ ತಿಂದೀ ಯವ್ವಾ?" ಎಂದು ಅಪ್ಪ ಕೇಳಿದ. ಅಕ್ಕ ಹೋಳಿಗೆಯ ಡಬ್ಬಿಯ ಕಡೆ ನೋಡಿದಳು. ಅಪ್ಪ ಬೈಯಲಿಲ್ಲ. ಔಷಧ ಸ್ವಲ್ಪ ಹೆಚ್ಚು ಹಾಕಿ ಕೊಟ್ಟ. ಹೆದರಿದ ಅಕ್ಕ ಅರ್ಧ ರೊಟ್ಟಿ ತಿಂದು ಸಾಕು ಎಂದಳು.

ಎರಡು ತಾಸಿನ ಮೇಲೆ ಗಿರಣಿಯಲ್ಲಿ ಅವಳ ಕೈ ನಡುಗತೊಡಗಿತು. ಹಣೆಯ ಮೇಲಿನ ಬೆವರಿಗೆ ಹಿಟ್ಟು ಅಂಟಿತ್ತು. ಅಪ್ಪ ಗಾಬರಿಯಾಗಿ ಮತ್ತೆ ನಳಿಗೆ ಕಾಯಿಸಿದ. ಈಗಲೂ ಇಟ್ಟಂಗಿ ಬಣ್ಣವೇ. ಬೆಳಗಿನ ಔಷಧ ಸಾಲಲಿಲ್ಲವೆಂದು ಇನ್ನೊಂದು ಇಂಜೆಕ್ಷನ್ ಕೊಟ್ಟು, ಅವಳನ್ನು ಚೀಲಗಳ ಮೇಲೆ ಮಲಗಿಸಿದ. ಅವಳ ಹತ್ತಿರ ಕೂರಲು ನನಗೆ ಹೇಳಿದ.

ನನ್ನ ಕೈಯಲ್ಲಿ ಬೆಲ್ಲದ ತುಣುಕು ಇತ್ತು.

"ಒಂದೀಟ ಬೆಲ್ಲ ಕೊಡ," ಎಂದಳು ಅಕ್ಕ.

"ಕೊಡಂಗಿಲ್ಲ. ಅಪ್ಪ ಬೈತಾನ."

"ಏ ಕಳ್ಳೀ, ಒಬ್ಬಾಕೀನ ತಿಂತಿ? ಕೊಡ ಬೇ."

ನಾನು ಬೆಲ್ಲವನ್ನು ಬೆನ್ನ ಹಿಂದೆ ಹಿಡಿದೆ. ಅಕ್ಕನನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಅವಳ ಮಾತು ತೊದಲಿತು. ಆಮೇಲೆ ಕೂಗಿದರೂ ಓ ಎನ್ನಲಿಲ್ಲ.

ವಿಜಯಪುರಕ್ಕೆ ಆಗ ಬಿಜಾಪುರ ಎನ್ನುತ್ತಿದ್ದರು. ಜೋಳದ ಲಾರಿಯಲ್ಲಿ ಅವಳನ್ನು ಅಲ್ಲಿಗೆ ಒಯ್ದೆವು. ದಾರಿಯುದ್ದಕ್ಕೂ ಅಪ್ಪ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಬಂತ ಯವ್ವಾ, ಬಂತ" ಎನ್ನುತ್ತಿದ್ದ. ಲಾರಿಯನ್ನು ಇನ್ನೂ ಜೋರಾಗಿ ಓಡಿಸುವುದು ಯಾರ ಕೈಯಲ್ಲೂ ಇರಲಿಲ್ಲ. ಆಸ್ಪತ್ರೆಯಲ್ಲಿ ಅವಳ ರಕ್ತಕ್ಕೆ ಸಕ್ಕರೆ ನೀರು ಹಾಕಿದರು. ಆದರೆ ಅಕ್ಕ ಕಣ್ಣು ತೆರೆಯಲಿಲ್ಲ. ಮರುದಿನ ತೀರಿಕೊಂಡಳು.

ಡಾಕ್ಟರು ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿ ಹೇಳಿದರು: "ನೀವು ಎರಡನೇ ಸಲ ನೋಡಿದ ಬಣ್ಣ ಆ ಹೊತ್ತಿಂದಲ್ರಿ, ಮುಂಜಾನಿ ಇಂಜೆಕ್ಷನ್ ಹತ್ತೂಕಿಂತ ಮೊದಲಿಂದು. ಆ ಸಕ್ಕರಿ ಮೂತ್ರದಾಗ ಹಂಗ ಉಳದಿತ್ತು. ರಕ್ತದಾಗ ಅದು ಆಗಲೇ ಇಳದು ಹೋಗಿತ್ತು. ಎರಡನೇ ಇಂಜೆಕ್ಷನ್ನಿಗೆ ಪೂರಾ ಕುಸೀತು."

ಅಪ್ಪ ತನ್ನ ಕೈ ನೋಡಿಕೊಂಡ. ಆಮೇಲೆ, "ಸುದ್ದಿ ತಡಾ ಆತು," ಎಂದ.

ಅಪ್ಪ ಆಮೇಲೂ ಗಿರಣಿ ನಡೆಸಿದ. ಆದರೆ ಧೂಳು ಇರಲಿ ಬಿಡಲಿ, ಆ ಗುಂಡುಗಳನ್ನು ದಿನಾ ಒರೆಸುತ್ತಿದ್ದ. ಬೆಲ್ಲದ ವಿಷಯ ನಾನು ಅವನಿಗೆ ಕೊನೆಯವರೆಗೂ ಹೇಳಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ.

ಮೊಮ್ಮಕ್ಕಳೇ, ವಿಜಯಪುರದ ಜೋರಾಪುರ ಪೇಟೆಯ ಈ ಮನೆಯಲ್ಲಿ ನಿಮ್ಮಲ್ಲೊಬ್ಬಳಿಗೆ ಅದೇ ಕಾಯಿಲೆ ಇದೆ. ಅವಳ ತೋಳಿನ ಮೇಲೆ ರೂಪಾಯಿಯಷ್ಟು ಅಗಲದ ಒಂದು ಬಿಲ್ಲೆ ಅಂಟಿದೆ. ಸಕ್ಕರೆ ಏರುವುದನ್ನು, ಇಳಿಯುವುದನ್ನು ಅದು ಸ್ವಲ್ಪ ಸ್ವಲ್ಪ ಹೊತ್ತಿಗೆ ಮೊಬೈಲಿಗೆ ತಿಳಿಸುತ್ತದೆ. ಇಳಿದರೆ ಕೂಗುತ್ತದೆ. ಶಾಲೆಯಲ್ಲಿ ಗೆಳತಿಯರು ನಗುತ್ತಾರೆಂದು ಅವಳು ಮೊನ್ನೆ ಆ ಕೂಗನ್ನು ಬಂದ್ ಮಾಡಿದ್ದಳು. ನಾನು ಎಂದೂ ಇಲ್ಲದಷ್ಟು ಸಿಟ್ಟಾದದ್ದು ಯಾಕೆಂದು ನೀವು ಕೇಳಿದಿರಿ. ಅದಕ್ಕೇ ಇದನ್ನು ಬರೆದೆ.

ನಿನ್ನೆ ಮಧ್ಯಾಹ್ನ ಮೊಬೈಲು ಕೂಗಿತು. "ಆಯಿ, ಇಳ್ಯಾಕತ್ತೈತಿ, ಬೆಲ್ಲ ಕೊಡ," ಎಂದು ಅವಳು ಕೈ ಚಾಚಿದಳು. ನಾನು ಏನೂ ಕೇಳದೆ ಕೊಟ್ಟೆ. ಹದಿನೈದು ನಿಮಿಷಕ್ಕೆ ಎದ್ದು ಆಡಲು ಹೋದಳು.

ಅಕ್ಕ ಆಡಿದ ಮಾತುಗಳೆಲ್ಲ ನನಗೆ ನೆನಪಿವೆ. ಆ ಎಂಜಿನ್ನಿನ ಸದ್ದೂ ನೆನಪಿದೆ. ಅಕ್ಕನ ದನಿ ಹೇಗಿತ್ತೆಂದು ನೆನಪಿಲ್ಲ.