ನನ್ನ ನೆಗೆಣ್ಣಿಯ ಬಾಣಗಳು

ನನ್ನ ನೆಗೆಣ್ಣಿಯ ಹೆರಳಿನ ತುದಿಗೆ ಸದಾ ನೀಲಿ ಶಾಯಿ ಹತ್ತಿರುತ್ತಿತ್ತು. ನೆಲಕ್ಕೆ ದೊಡ್ಡ ಕಂದು ಹಾಳೆ ಹಾಸಿ, ಮೊಣಕಾಲೂರಿ, ದಪ್ಪ ಪೆನ್ನಿನಿಂದ ಚೌಕ ಬರೆಯುವಾಗ ಆ ಉದ್ದನೆಯ ಹೆರಳು ಹೆಗಲಿನಿಂದ ಜಾರಿ ಹಸಿ ಗೆರೆಯ ಮೇಲೆ ಬೀಳುತ್ತಿತ್ತು. ಆಕೆ ನೋಡದೆಯೇ ಅದನ್ನು ಬೆನ್ನಿಗೆ ಒಗೆಯುತ್ತಿದ್ದಳು, ಸೀರೆಗೂ ನೀಲಿ ಹತ್ತುತ್ತಿತ್ತು. ನನ್ನದೋ, ಎಣ್ಣೆ ಹಚ್ಚಿ ಹಚ್ಚಿ ಕೈ ಸೋತರೂ ಇಲಿಬಾಲದಷ್ಟೇ ಉಳಿದ ಜಡೆ. ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದಲೇ. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಮುಚ್ಚುಮರೆ ಏನಿದೆ.

ಮೈಸೂರು ಕಡೆಯವರು ವಾರಗಿತ್ತಿ ಅನ್ನುವುದನ್ನು ನಾವು ಧಾರವಾಡದವರು ನೆಗೆಣ್ಣಿ ಅನ್ನುತ್ತೇವೆ. ಈಕೆ ನನ್ನ ಮೈದುನನ ಹೆಂಡತಿ. ನನ್ನ ಗಂಡನಿಗೆ ಬ್ಯಾಂಕಿನಿಂದ ವಡೋದರಾಕ್ಕೆ ವರ್ಗವಾಗಿ ನಾವು ಮಂಜಲ್‌ಪುರದಲ್ಲಿ ಮನೆ ಮಾಡಿದ್ದೆವು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಮೈದುನನಿಗೂ ಅಲ್ಲೇ ಹತ್ತಿರದ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಿತು. ಮದುವೆಯಾಗಿ ತಿಂಗಳು ತುಂಬಿರಲಿಲ್ಲ, ಹೆಂಡತಿಯನ್ನು ಕರೆದುಕೊಂಡು ಬಂದು ಎರಡು ಓಣಿ ಆಚೆ ಬಿಡಾರ ಹೂಡಿದ. ಸಮಾಜಕಾರ್ಯದಲ್ಲಿ ಎಂ.ಎ. ಮಾಡಿದ ಹುಡುಗಿ. ನಾನು ಹಿರಿಯ ಸೊಸೆ, ಆಕೆ ಕಿರಿಯಳು. ಹೀಗಾಗಿ ಮೊದಲ ವಾರ ಆಕೆಗೆ ಎಲ್ಲಿ ತೊಗರಿಬೇಳೆ ಒಳ್ಳೆಯದು ಸಿಗುತ್ತದೆ, ಗುಜರಾತಿ ನೆರೆಯವರ ಹತ್ತಿರ ಹೇಗೆ ಮಾತಾಡಬೇಕು ಎಂದೆಲ್ಲ ಕಲಿಸಿದೆ. ಎರಡನೆಯ ತಿಂಗಳಿಗೆ ಆಕೆಯ ಗುಜರಾತಿ ನನ್ನದಕ್ಕಿಂತ ಚೆನ್ನಾಯಿತು. ಮೂರನೆಯ ತಿಂಗಳು ಸ್ಕೂಟಿ ಕಲಿತಳು. ಅಲ್ಲಿಂದ ಮುಂದೆ ಹಿರಿಯ ಸೊಸೆಯಾದ ನಾನು ಹಿಂದಿನ ಸೀಟಿಗೆ ಬಂದೆ.

ಆ ಸ್ಕೂಟಿಯ ಮೇಲೆ ನಾವು ಹೋಗುತ್ತಿದ್ದದ್ದು ಊರಿನ ಇನ್ನೊಂದು ತುದಿಯ ಗೋರ್ವಾಕ್ಕೆ. ಅಲ್ಲೊಂದು ಸಣ್ಣ ಟ್ರಸ್ಟಿನಲ್ಲಿ ನಾನು ಹೊಲಿಗೆ ತರಗತಿ ನಡೆಸುತ್ತಿದ್ದೆ. ಕಾರ್ಖಾನೆ ಕೂಲಿಗಳ ಹೆಂಡಂದಿರು, ಗಂಡ ಸತ್ತವರು, ಗಂಡ ಇದ್ದೂ ಇಲ್ಲದವರು ಬರುತ್ತಿದ್ದರು. ಟ್ರಸ್ಟು ನಡೆಸುತ್ತಿದ್ದ ಹಿರಿಯ ಹೆಂಗಸನ್ನು ಎಲ್ಲರೂ ಬಾ, ಅಂದರೆ ತಾಯಿ, ಅನ್ನುತ್ತಿದ್ದರು. ನನ್ನನ್ನು ಬೆನ್, ಅಂದರೆ ಅಕ್ಕ, ಅನ್ನುತ್ತಿದ್ದರು. ಪರವೂರಿನಲ್ಲಿ ಬ್ಯಾಂಕಿನವರ ಹೆಂಡತಿ ಅನ್ನುವುದು ಬಿಟ್ಟು ನನಗಿದ್ದ ಹೆಸರು ಅದೊಂದೇ. ನೆಗೆಣ್ಣಿ ಮನೆಯಲ್ಲಿ ಒಬ್ಬಳೇ ಕೂತು ಬೇಸತ್ತಾಳು ಎಂದು ನಾನೇ ಆಕೆಯನ್ನು ಅಲ್ಲಿಗೆ ಕರೆದೊಯ್ದೆ. ಕೈಯಾರೆ ಕರೆದೊಯ್ದೆ.

ತರಗತಿಗೆ ದುಡ್ಡು ಕೊಡುತ್ತಿದ್ದ ಅಹಮದಾಬಾದಿನ ಸಂಸ್ಥೆಯೊಂದು ಆ ವರ್ಷ ಹೊಸ ಷರತ್ತು ಹಾಕಿತು. ಮುಂದಿನ ವರ್ಷವೂ ತರಗತಿ ನಡೆಯಬೇಕಾದರೆ ಅದರ ಲಾಜಿಕ್ ಮಾಡೆಲ್ ತಯಾರಿಸಬೇಕು. ಅದೇನೆಂದು ಕಲಿಯಲು ಟ್ರಸ್ಟಿನಿಂದ ನಾನೇ ಎರಡು ದಿನ ಅಹಮದಾಬಾದಿಗೆ ಹೋಗಿಬಂದೆ. ಕಷ್ಟದ್ದೇನಲ್ಲ. ಸಾಲಾಗಿ ಐದು ಚೌಕ. ನಾವು ಹಾಕುವುದೇನು, ಮಾಡುವುದೇನು, ಕೈಗೆ ಬರುವುದೇನು, ಅದರಿಂದ ಜನರ ಬದುಕಿನಲ್ಲಿ ಬದಲಾಗುವುದೇನು, ಕೊನೆಗೆ ಊರಿಗೆ ಆಗುವ ಒಳ್ಳೆಯದೇನು. ಒಂದು ಚೌಕದಿಂದ ಇನ್ನೊಂದಕ್ಕೆ ಬಾಣದ ಗುರುತು. ನಾನು ಒಂದೇ ಸಂಜೆಯಲ್ಲಿ ತುಂಬಿಬಿಟ್ಟೆ: ಮಷೀನು, ಪಾಠ, ಪ್ರಮಾಣಪತ್ರ, ಸ್ವಂತ ಗಳಿಕೆ, ಮಹಿಳಾ ಸಬಲೀಕರಣ. ಅಕ್ಷರವೂ ಮುತ್ತಿನಂತೆ ಬಿದ್ದಿತ್ತು. ಬಾ ನೋಡಿ ತಲೆದೂಗಿದರು.

ನೆಗೆಣ್ಣಿ ಚೌಕಗಳನ್ನು ನೋಡಲೇ ಇಲ್ಲ. ಪ್ರಮಾಣಪತ್ರದಿಂದ ಗಳಿಕೆಗೆ ಹೋಗುವ ಬಾಣದ ಮೇಲೆ ಬೆರಳಿಟ್ಟು ಕೂತಳು.

"ಅಕ್ಕಾ, ಪ್ರಮಾಣಪತ್ರ ಬಂತು. ಆಮ್ಯಾಲೆ?"

ಆಮೇಲೆ ಏನು, ಹೊಲಿಯುತ್ತಾರೆ, ಗಳಿಸುತ್ತಾರೆ, ಎಂದೆ.

"ಯಾರು ಗಳಿಸ್ಯಾರ್ರಿ? ಯಾರನ್ನರ ಕೇಳೀರೇನು?"

ಈ "ಆಮ್ಯಾಲೆ" ಆಕೆಯ ಚಟ. ಮೈದುನ ಪ್ರಮೋಷನ್ ಸಿಗುತ್ತದೆ ಅಂದರೂ ಆಮ್ಯಾಲೆ ಅನ್ನುವವಳೇ. ಚೌಕ ಯಾರು ಬೇಕಾದರೂ ತುಂಬುತ್ತಾರೆ, ನಿಜವಾದ ಲೆಕ್ಕ ಇರುವುದು ಬಾಣದಲ್ಲಿ ಎಂದು ಆಕೆಯ ವಾದ. ಇದರಿಂದ ಅದು ಆಗುತ್ತದೆ ಎಂದು ಗೆರೆ ಎಳೆದಮೇಲೆ, ಹೌದೇ ಎಂದು ಹೋಗಿ ನೋಡಬೇಕು. ಪ್ರಮಾಣಪತ್ರ ಎಣಿಸಬೇಕೆಂದು ನಾನು ಬರೆದಿದ್ದೆ. ಆಕೆ ತಣ್ಣಗೆ, "ಅದು ನಮ್ಮ ಕೆಲಸ ನಾವ ಎಣಿಸಿದಂಗ ಆತು. ಅವರ ಬಾಳೇವು ಯಾವಾಗ ನೋಡೂದು?" ಎಂದಳು. ನನಗೆ ಮೈ ಉರಿದುಹೋಯಿತು. ಮಾತು ಸರಿಯಾಗಿತ್ತು ಎಂಬುದಕ್ಕೇ ಹೆಚ್ಚು ಉರಿಯಿತು.

ಮರುದಿನದಿಂದ ಆಕೆ ಗೋರ್ವಾದ ಓಣಿಗಳಲ್ಲಿ ತಿರುಗಲು ಹತ್ತಿದಳು. ಹಿಂದಿನ ವರ್ಷಗಳಲ್ಲಿ ನನ್ನಲ್ಲಿ ಕಲಿತುಹೋದವರ ಮನೆ ಹೊಸ್ತಿಲಲ್ಲಿ ಕೂತು, ಚಹಾ ಕುಡಿದು, ಮಕ್ಕಳ ಮೂಗು ಒರೆಸಿ, ಈಗ ಯಾರ ಬಟ್ಟೆ ಹೊಲಿಯುತ್ತೀರಿ ಎಂದು ಕೇಳಿದಳು. ಬಹುತೇಕ ಎಲ್ಲರೂ ನಕ್ಕರಂತೆ. ಮನೆಯಲ್ಲಿ ಮಷೀನೇ ಇಲ್ಲ, ಹೊಲಿಯುವುದೆಲ್ಲಿ? ಇನ್ನೊಂದು ಮಾತನ್ನೂ ಅವರು ಹೇಳಿದರು. ಗೋರ್ವಾದಲ್ಲಿ ಹೊಲಿಗೆಗೆ ಸುಗ್ಗಿ ಅಂದರೆ ನವರಾತ್ರಿಗೆ ಮುಂಚಿನ ಎರಡು ತಿಂಗಳು. ಗರ್ಬಾ ಕುಣಿಯಲು ಊರಿನ ಹೆಣ್ಣುಮಕ್ಕಳಿಗೆಲ್ಲ ಚಣಿಯಾ-ಚೋಳಿ ಬೇಕು, ಅಂದರೆ ಅಗಲ ಸುತ್ತಿನ ಲಂಗ ಮತ್ತು ಕನ್ನಡಿ ಹಚ್ಚಿದ ಕುಪ್ಪಸ. ಆಗ ದರ್ಜಿಗಳು ಹೊಸ ಗಿರಾಕಿಯನ್ನು ಬಾಗಿಲಿಂದಲೇ ಹಿಂದಕ್ಕೆ ಕಳಿಸುತ್ತಾರೆ. ಆ ಎರಡು ತಿಂಗಳು ನನ್ನ ಹೆಂಗಸರು ನನ್ನ ಮಷೀನುಗಳ ಮುಂದೆ ಕೂತು ಒಳಲಂಗ, ದಿಂಬಿನ ಚೀಲ ಹೊಲಿಯುತ್ತಿದ್ದರು. ಚೋಳಿಯ ಪಾಠ ಕಟ್ಟಕಡೆಗೆ ಬರುತ್ತಿತ್ತು. ದಸರೆಯ ದಿನ ಪ್ರಮಾಣಪತ್ರ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಅದು ನಮ್ಮ ಕಥೆಯೇ.

ದಸರೆ ಯಾಕೆ ಅಂದರೆ, ನಾನು ಧಾರವಾಡದವಳು. ಕಲಿಕೆ ಮುಗಿಸಲು ವಿಜಯದಶಮಿಗಿಂತ ಒಳ್ಳೆಯ ದಿನ ಯಾವುದು? ಆ ದಿನ ಮಷೀನುಗಳನ್ನು ತೊಳೆದು, ಚೆಂಡುಹೂ ಏರಿಸಿ, ಕುಂಕುಮ ಇಟ್ಟು ಪೂಜೆ ಮಾಡುತ್ತಿದ್ದೆ. ರೇಷ್ಮೆ ಸೀರೆಯುಟ್ಟು ಒಬ್ಬೊಬ್ಬರನ್ನೇ ಕರೆದು ಪ್ರಮಾಣಪತ್ರ ಕೊಡುತ್ತಿದ್ದೆ. ಅವರು ಕಾಲಿಗೆ ಬೀಳುತ್ತಿದ್ದರು. ಬಾ ನನ್ನ ಬಗ್ಗೆ ನಾಲ್ಕು ಮಾತಾಡುತ್ತಿದ್ದರು, ಗಂಡ ಫೋಟೋ ತೆಗೆಯುತ್ತಿದ್ದರು. ವರ್ಷದ ಉಳಿದ ದಿನಗಳನ್ನು ಆ ಒಂದು ದಿನದ ಬಲದ ಮೇಲೆ ನಾನು ದಾಟುತ್ತಿದ್ದೆ. ನೆಗೆಣ್ಣಿಯ ಬಾಣ ಬಂದು ನಾಟಿದ್ದು ಸರಿಯಾಗಿ ಅಲ್ಲಿಗೆ.

ಉತ್ತರಾಯಣದ ಗಾಳಿಪಟ ಹಬ್ಬ ಮುಗಿದ ಕೂಡಲೇ ತರಗತಿ ಶುರುಮಾಡೋಣ, ಮಳೆಗಾಲಕ್ಕೆ ಮೊದಲೇ ಚೋಳಿ ಕಲಿಸಿಬಿಡೋಣ, ಶ್ರಾವಣದಿಂದ ಪಾಠ ನಿಲ್ಲಿಸಿ ಕೋಣೆಯನ್ನೂ ಮಷೀನನ್ನೂ ಅವರಿಗೇ ಬಿಟ್ಟುಕೊಡೋಣ ಎಂದು ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದಳು. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದೆ. ದಸರೆಯ ಗತಿ ಏನು ಅಂದೆ. ದಸರೆಗೆ ಅವರೆಲ್ಲ ಗಳಿಸಿದ ದುಡ್ಡಿನಲ್ಲಿ ಹಬ್ಬ ಮಾಡುತ್ತಾರೆ ಅಂದಳು.

"ನಿನಗ ನನ್ನ ಜಾಗಾ ಬೇಕಾಗೇದ, ಅದನ್ನ ನೆಟ್ಟಗ ಹೇಳು," ಎಂದೆ.

ಆಕೆ ಕಣ್ಣೀರು ಹಾಕಲಿಲ್ಲ, ತಿರುಗಿ ಬಯ್ಯಲೂ ಇಲ್ಲ. "ನಿಮ್ಮ ಜಾಗಾ ನನಗ್ಯಾಕ್ರಿ? ಅಲ್ಲಿ ಕುಂತ್ರ ಓಣಿ ತಿರಗಾಕ ಆಗಂಗಿಲ್ಲ," ಎಂದು ತಾನೇ ಎದ್ದು ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸುಖವಿತ್ತು.

ಅಹಮದಾಬಾದಿನ ಅಧಿಕಾರಿಣಿ ಗೋರ್ವಾಕ್ಕೆ ಬಂದ ದಿನ ಬಾ ಚೌಕಗಳ ಕಂದು ಹಾಳೆಯನ್ನು ಗೋಡೆಗೆ ಹಚ್ಚಿಸಿದ್ದರು. ನನ್ನ ಮುತ್ತಿನಂಥ ಅಕ್ಷರ, ನಡುವಿನ ಆ ಬಾಣದ ಕೆಳಗೆ ಮಾತ್ರ ನೆಗೆಣ್ಣಿ ಬರೆದ ನೀಲಿ ಪ್ರಶ್ನೆಚಿಹ್ನೆ. ಅಧಿಕಾರಿಣಿಯ ಕಣ್ಣು ಮೊದಲು ಹೋದದ್ದೇ ಅದರ ಮೇಲೆ, ಇದೇನು ಎಂದು ಕೇಳಿದರು. ತನ್ನ ಜಾಣತನ ತೋರಿಸಲು ನೆಗೆಣ್ಣಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಆಕೆಯೋ, "ಅಕ್ಕಾ ಹೇಳ್ತಾರ," ಎಂದು ಕನ್ನಡದಲ್ಲಿ ನನಗಷ್ಟೇ ಕೇಳುವಂತೆ ಅಂದು, ಚಹಾ ತರುತ್ತೇನೆಂದು ಎದ್ದು ಹೋದಳು. ಬೇಕಂತಲೇ ಹೋದಳು, ಚಹಾ ಆಗಲೇ ಬಂದಿತ್ತು.

ಪ್ರಶ್ನೆಚಿಹ್ನೆ ಕೈತಪ್ಪಿ ಬಿದ್ದದ್ದು ಅಂದಿದ್ದರೆ ನನ್ನ ದಸರೆ ಉಳಿಯುತ್ತಿತ್ತು, ಬಾ ಕೂಡ ಸುಮ್ಮನಿರುತ್ತಿದ್ದರು. ಬಾಯಿ ತೆರೆದೆ. ಹೊರಬಂದದ್ದು ಆಕೆಯ ಮಾತೇ. ನಮ್ಮ ಪಾಠದಿಂದ ಯಾರೂ ಗಳಿಸಿಲ್ಲ, ತಪ್ಪು ಹೊತ್ತಿನಲ್ಲಿ ಕಲಿಸಿದ್ದೇವೆ, ಬರುವ ವರ್ಷ ಹೀಗೆ ಹೀಗೆ ಮಾಡುತ್ತೇವೆ, ನವರಾತ್ರಿ ಮುಗಿದ ಮೇಲೆ ಯಾರು ಎಷ್ಟು ಜನರ ಬಟ್ಟೆ ಹೊಲಿದರು ಎಂದು ಮನೆಗೆ ಹೋಗಿ ಕೇಳುತ್ತೇವೆ ಎಂದೆಲ್ಲ ಹೇಳಿದೆ. ಅಧಿಕಾರಿಣಿ ನನ್ನ ಕೈ ಹಿಡಿದು, ಇಷ್ಟು ಪ್ರಾಮಾಣಿಕವಾಗಿ ಯಾರೂ ಹೇಳುವುದಿಲ್ಲ ಎಂದರು. ಹೊಗಳಿಕೆ ನನಗೆ ಬಂತು. ಅದು ಆಕೆ ಬಡಿಸಿದ ಊಟ ಎಂದು ಗೊತ್ತಿದ್ದೂ ಉಣ್ಣಬೇಕಾದ ನನ್ನ ಸಂಕಟ ಯಾರಿಗೆ ಹೇಳಲಿ?

ಮರುವರ್ಷ ಶ್ರಾವಣದಿಂದ ಆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕೆಂಪು, ಹಳದಿ ಬಟ್ಟೆಯ ರಾಶಿ, ಕನ್ನಡಿ ಚೂರು, ಬೆಳಗಿನಿಂದ ಸಂಜೆಯವರೆಗೆ ಮಷೀನಿನ ಸದ್ದು. ಪ್ರಮಾಣಪತ್ರದ ಕಾರ್ಯಕ್ರಮವನ್ನು ಅವಸರದಲ್ಲಿ ಒಂದು ಮಧ್ಯಾಹ್ನ ಮುಗಿಸಿದೆವು. ಹೊಲಿಯುವ ಕೆಲಸ ಬಾಕಿ ಇದೆಯೆಂದು ಅರ್ಧ ಜನ ಕಾಗದ ಇಸಿದುಕೊಂಡು ಓಡಿದರು. ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಅಣ್ಣನ ಮನೆಯಲ್ಲಿ ಬೈಸಿಕೊಂಡು ಬದುಕುತ್ತಿದ್ದ ಒಬ್ಬ ವಿಧವೆ, ನವರಾತ್ರಿ ಕಳೆದ ಮೇಲೆ ಸ್ವಂತ ಬಾಡಿಗೆಯ ಕೋಣೆ ಹಿಡಿದಳು. ಪೇಢೆಯ ಪೊಟ್ಟಣ ತಂದು ನೇರವಾಗಿ ನೆಗೆಣ್ಣಿಯ ಕೈಗಿಟ್ಟಳು. ಆ ವಿಧವೆಗೆ ಕತ್ತರಿ ಹಿಡಿಯಲು ಕಲಿಸಿದವಳು ನಾನು. ಪಕ್ಕದಲ್ಲೇ ನಿಂತಿದ್ದೆ, ನನಗೂ ಒಂದು ಕೊಟ್ಟಳು.

ಅದಾದ ವರ್ಷ ಮೈದುನನಿಗೆ ಸೂರತ್ತಿನ ಬಟ್ಟೆ ಗಿರಣಿಯಲ್ಲಿ ಕೆಲಸವಾಗಿ ಅವರು ಅಲ್ಲಿಗೆ ಹೋದರು. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು. ಆದರೆ ಸೂರತ್ತಿನಿಂದಲೂ ಸುದ್ದಿ ಬರುತ್ತಲೇ ಇತ್ತು. ಮನೆಯಲ್ಲಿ ಕೂತು ಸೀರೆಗೆ ಹರಳು ಅಂಟಿಸುವ ಹೆಂಗಸರನ್ನು ಕೂಡಿಸಿದ್ದಾಳಂತೆ, ನೆಲದ ಮೇಲೆ ಹಾಳೆ ಹಾಸಿ ಅವರ ಕೈಯಿಂದಲೇ ಚೌಕ ತುಂಬಿಸುತ್ತಾಳಂತೆ, ಬೇರೆ ಸಂಸ್ಥೆಯವರು ಬಂದು ಕಲಿತು ಹೋಗುತ್ತಾರಂತೆ. ಬಾ ಇದನ್ನು ನನ್ನೆದುರಿಗೇ ಹೇಳಿ ಹಿಗ್ಗುತ್ತಿದ್ದರು. ನಾನು ನಗುತ್ತ, ಹೌದು ಬಾ, ನಮ್ಮವಳೇ ಅಲ್ಲವೇ ಎನ್ನುತ್ತಿದ್ದೆ.

ಸೂರತ್ತಿಗೆ ಹೋಗಿ ಎರಡು ವರ್ಷವಾಗುವಷ್ಟರಲ್ಲಿ ಆಕೆಗೆ ಕಾಮಾಲೆಯಾಯಿತು. ಮೊದಲು ನಾಟಿ ಮದ್ದು ಅಂದರು, ಆಮೇಲೆ ಆಸ್ಪತ್ರೆ ಅಂದರು, ಅಷ್ಟರಲ್ಲಿ ಲಿವರ್ ಕೆಟ್ಟಿತ್ತು. ಮೂವತ್ತೂ ತುಂಬಿರಲಿಲ್ಲ. ಆಕೆ ಹೋದಮೇಲೆ ಗೋರ್ವಾದ ಹೆಂಗಸರು ತಾವೇ ಟೆಂಪೋ ಗೊತ್ತುಮಾಡಿಕೊಂಡು ಸೂರತ್ತಿಗೆ ಬಂದು ಅತ್ತರು. ನಾನು ಸತ್ತರೆ ಇವರಲ್ಲಿ ಎಷ್ಟು ಜನ ಬಂದಾರು ಎಂಬ ಯೋಚನೆ ಅಂಥ ಹೊತ್ತಿನಲ್ಲೂ ನನಗೆ ಬಂತು.

ಅದಕ್ಕೂ ಕೆಲವು ದಿನ ಮೊದಲು, ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ ನಾವಿಬ್ಬರೇ ಇದ್ದೆವು. ಆಕೆಯ ಕಣ್ಣು, ಉಗುರು ಎಲ್ಲ ಅರಿಶಿಣದಂತಾಗಿದ್ದವು. ಬೆಳಗಿನಿಂದ ನೋಡಲು ಬಂದವರು ಒಬ್ಬರಾದ ಮೇಲೆ ಒಬ್ಬರು ಅತ್ತು ಹೋಗಿದ್ದರು. ನಾನೂ ಎದ್ದು ಹೊರಟಿದ್ದೆ.

"ಅಕ್ಕಾ, ಒಂದ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನನ್ನ ಕಂಡ್ರ ನಿಮಗ ಹೊಟ್ಟೆಕಿಚ್ಚ ಇತ್ತಲ್ಲ?"

ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಆಕೆಯ ಮುಂದೆ ಸುಳ್ಳು ಎಂದೂ ನಡೆದದ್ದಿಲ್ಲ.

"ಇತ್ತಲ್ಲ ಅಂತೇನ ಕೇಳ್ತಿ? ಇನ್ನೂ ಅದ," ಎಂದೆ.

ನಕ್ಕಳು. ನಗಲು ತ್ರಾಣವಿರಲಿಲ್ಲ, ಆದರೂ ನಕ್ಕಳು.

"ಬಂದವರೆಲ್ಲಾ ನನ್ನ ನೋಡಿ ಪಾಪ, ಪಾಪ ಅಂತಾರ. ನಿಮ್ಮ ಕಣ್ಣಾಗ ಅದೊಂದಿಲ್ಲ. ಇನ್ನೊಂದ ಸ್ವಲ್ಪ ಹೊತ್ತು ಕೂಡ್ರಿ."

ಕೂತೆ. ಸಂಜೆ ಮೈದುನ ಬರುವವರೆಗೂ ಕೂತೆ. ಒಳಗೆ ಕಿಚ್ಚು ಹಾಗೆಯೇ ಇತ್ತು. ಇದನ್ನು ಮಾತ್ರ ಆರಗೊಡಬೇಡಪ್ಪ ಎಂದು ನಾನು ದೇವರನ್ನು ಬೇಡಿಕೊಂಡದ್ದು ಅದೇ ಮೊದಲು.