ಜಿಂಕೆಗೊಂದು ದೃಷ್ಟಿಮಣಿ

ಚನ್ನಪಟ್ಟಣದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಅಕ್ಕ ಮಣಿ ಪೋಣಿಸುತ್ತಿದ್ದಳು. ಸ್ಟೀಲ್ ತಟ್ಟೆಯಲ್ಲಿ ಹರಡಿದ, ಸಾಸಿವೆಯಷ್ಟು ಚಿಕ್ಕ ಮಣಿಗಳನ್ನು ಸೂಜಿಯ ಮೊನೆಯಲ್ಲೇ ಹೆಕ್ಕುವಳು. ಏನು ಹೇಳಿದರೂ "ಒಸಿ ಬುಡ್ಸಿ ಯೋಳವ್ವ" ಎನ್ನುವಳು. ಯಾವ ಒಡವೆ ಮಾಡಿದರೂ ದೃಷ್ಟಿಗೆಂದು ಒಂದು ಕಪ್ಪು ಮಣಿ ಸೇರಿಸುವಳು.

ಒಮ್ಮೆ ಫೋನಿನಲ್ಲಿ ಒಂದು ಮಣಿ ಓಲೆಯ ಚಿತ್ರ ತೋರಿಸಿ, ಇಂಥದ್ದೇ ಜೊತೆ ಮಾಡಿಕೊಡಕ್ಕ ಎಂದೆ. ಮೆಕ್ಸಿಕೋ ದೇಶದ ಹುಯಿಚೋಲ್ ಜನರ ಓಲೆ ಅದು. ನಡುವೆ ನೀಲಿ ಜಿಂಕೆ. ಆ ಜನಕ್ಕೆ ಜಿಂಕೆ ದೇವರ ಹಾಗಂತೆ, ಜಿಂಕೆಯೂ ಮುಸುಕಿನ ಜೋಳವೂ ಒಂದೇ ಅಂತೆ ಎಂದು ಓದಿದ್ದನ್ನು ಹೇಳಿದೆ.

"ಜಿಂಕೆ ಜ್ವಾಳ ಮೇಯ್ತದೆ. ಎರಡೂ ಒಂದೇ ಎಂಗಾಯ್ತದೆ? ಒಸಿ ಬುಡ್ಸಿ ಯೋಳವ್ವ."

ಬಿಡಿಸಿ ಹೇಳಲು ನನಗೂ ಗೊತ್ತಿರಲಿಲ್ಲ.

ಮೂರನೆಯ ದಿನ ಹೋದಾಗ ಒಂದು ಓಲೆ ಮುಗಿದಿತ್ತು. ಜಿಂಕೆಯ ಹೊಟ್ಟೆಯ ಮೇಲೆ ಕಪ್ಪು ಮಣಿ.

"ದೇವರಿಗೂ ದೃಷ್ಟಿ ತಾಗುತ್ತಾ ಅಕ್ಕ?" ಎಂದು ನಕ್ಕುಬಿಟ್ಟೆ.

ಅವಳ ಸೂಜಿ ನಿಂತಿತು. "ದ್ಯಾವ್ರಾದ್ರೆ ಇಕ್ಕಂಗಿಲ್ಲ. ಬರೀ ಜಿಂಕೆಯಾದ್ರೆ ಇಕ್ದೆ ಬುಡಂಗಿಲ್ಲ. ಯಾವ್ದು ಅಂತ ಯೋಳ್ಬುಡು."

ಫೋನ್ ತೆಗೆದು ಮತ್ತೆ ಓದಿದೆ. ಅಲ್ಲಿ ದೇವರ ಹಾಗೆ ಎಂದಷ್ಟೇ ಇತ್ತು.

ಮರುದಿನ ಜೊತೆಯನ್ನು ನನ್ನ ಕೈಗಿಟ್ಟಳು. ಒಂದು ಓಲೆಯಲ್ಲಿ ಕಪ್ಪು ಮಣಿಯಿತ್ತು, ಇನ್ನೊಂದರಲ್ಲಿ ಇರಲಿಲ್ಲ. "ಆ ಜನಾನೇ ಕೇಳ್ಕಂಡು ಬಾ, ತಪ್ಪಾಗಿರೋದ ಬಿಚ್ಚಾಕ್ತೀನಿ" ಎಂದಳು.

ನಾನು ಯಾರನ್ನು ಕೇಳಲಿ? ಅವಳೂ ಈಗ ಆ ಮನೆಯಲ್ಲಿಲ್ಲ. ಎರಡನ್ನೂ ಹಾಗೆಯೇ ಹಾಕಿಕೊಳ್ಳುತ್ತೇನೆ. ಯಾರಾದರೂ ಓಲೆ ಚೆನ್ನಾಗಿದೆ ಎಂದರೆ ಸಾಕು, ಕಪ್ಪು ಮಣಿ ಇಲ್ಲದ ಕಿವಿಯನ್ನು ನನ್ನ ಕೈ ತಾನಾಗಿಯೇ ಮುಚ್ಚುತ್ತದೆ.